ಅಂಕಿ ನಿಲ್ಲುವವರೆಗೆ

ಇಪ್ಪತ್ತೇಳು ವರ್ಷ ಕಬ್ಬು ತೂಗಿದವನು ನಾನು.
ಕೆರಗೋಡಿನ ಲಾರಿ, ಕೊಪ್ಪದ ಟ್ರ್ಯಾಕ್ಟರು, ಬಸರಾಳಿನ ಎತ್ತಿನಗಾಡಿ,
ಬೆಳಗಿನ ಜಾವ ಮೂರಕ್ಕೂ ಸಾಲು ನಿಂತಿರುತ್ತಿತ್ತು.
ನನ್ನ ರಕ್ತದಲ್ಲೂ ಅಂಥದೇ ಸಾಲು ನಿಂತಿದೆ ಅಂತ
ಗೊತ್ತಾದದ್ದು ಯುಗಾದಿ ಕಳೆದ ಮೇಲೆ.

"ಸಕ್ಕರೆ ಊರಿನವರಿಗೆ ಸಕ್ಕರೆ ಬಾರದೆ ಇನ್ನೇನು ಬಂದೀತು"
ಅಂತ ನಕ್ಕ ತಮ್ಮ ಶಿವನಂಜ.
ನಾನು ನಗಲಿಲ್ಲ.
ಪೇಟೆಬೀದಿಯಿಂದ ಪುಟ್ಟ ತಕ್ಕಡಿ ತಂದೆ.
ಮುದ್ದೆಯನ್ನೂ ತೂಗಿದೆ. ಇಪ್ಪತ್ತು ಗ್ರಾಂ ಹೆಚ್ಚು.
ಚಿವುಟಿ ಹಿಂದಕ್ಕೆ ಹಾಕಿದೆ.
ಅನ್ನಕ್ಕೆ ಬೀಗ, ಬಾಳೆಹಣ್ಣಿಗೆ ಬೀಗ.
ತಂಗಿಯ ಮೊಮ್ಮಗಳ ನಾಮಕರಣದಲ್ಲಿ
ಎಲೆಯ ಮುಂದೆ ಕೂತು ಸೌತೆಕಾಯಿ ಹೋಳು ಎಣಿಸಿದೆ.
"ಅಣ್ಣ, ಪಾಯಸ ಮುಟ್ಟಲೇ ಇಲ್ಲ" ಅಂದಳು ಮಹದೇವಿ.
ಅಷ್ಟೇ. ಬಾಗಿಲವರೆಗೆ ಬಂದು ಕಳಿಸಲಿಲ್ಲ.

ಐದನೇ ವಾರ, ರಾತ್ರಿ ಹನ್ನೊಂದೂವರೆ.
ದೀಪ ಹಾಕದೆ
ಡಬ್ಬಿಯೊಳಗೆ ಕೈ ಇಟ್ಟೆ.
ಅಚ್ಚುಬೆಲ್ಲ. ಒಂದಲ್ಲ, ನಾಲ್ಕು.
ತಿಂದದ್ದು ನಾನೋ, ಐದು ವಾರದ ಹಸಿವೋ.
ಸಾಕಮ್ಮ ಎದ್ದು ಬಂದು ನೋಡಿದಳು,
ಬೈಯಲಿಲ್ಲ, ನೀರು ಕೊಟ್ಟಳು.
"ಒಂದ್ ಲಾರಿ ಜಾಸ್ತಿ ಬಂತು ಅಂತ
ಫ್ಯಾಕ್ಟ್ರಿ ಮುಚ್ಚವ್ರಾ ಯಾವತ್ತಾರ?"

ಮಾರನೆ ದಿನ ಪಾಳಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ.
ಲಾರಿ ಹಲಗೆ ಹತ್ತಿದ ಕೂಡಲೇ
ಅಂಕಿ ಹುಚ್ಚೆದ್ದು ಕುಣಿಯುತ್ತದೆ;
ಆಗಲೇ ಚೀಟಿ ಬರೆಯುವವನು ಹೊಸಬ.
ಡ್ರೈವರ್ ಇಳಿಯಬೇಕು, ಇಂಜಿನ್ ಆರಬೇಕು,
ಗಾಳಿ ಎದ್ದಿದ್ದರೆ ಅದೂ ಕೂರಬೇಕು.
ಇಷ್ಟು ಬಲ್ಲವನು
ತಟ್ಟೆಯ ಮುಂದೆ ಯಾಕೆ ಹೊಸಬನಾದೆ?

ಪುಟ್ಟ ತಕ್ಕಡಿಯ ಬಟ್ಟಲಲ್ಲಿ ಈಗ ಕೋಳಿಮರಿಗೆ ನುಚ್ಚು.
ಮುದ್ದೆಯ ಅಳತೆ ಸಾಕಿಯ ಅಂಗೈ.
ಮೊದಲು ದಂಟಿನಸೊಪ್ಪು, ಹುರುಳಿಕಾಳು,
ಆಮೇಲೆ ಉಪ್ಸಾರಿಗೆ ಮುದ್ದೆ;
ಆಸ್ಪತ್ರೆಯ ನರ್ಸ್ ಪ್ರಫುಲ್ಲಾ ಹೇಳಿದ್ದರಲ್ಲಿ
ನೆನಪುಳಿದದ್ದು ಅಷ್ಟೇ, ಅದೇ ಸಾಕಾಗಿದೆ.
ಮದ್ದೂರು ದಾಟುವಾಗ ವಡೆ ಒಂದು,
ಅರ್ಧ ಅವಳಿಗೆ, ದೊಡ್ಡ ಅರ್ಧ ಯಾವುದೆಂದು ಜಗಳ.
ಬಾಡೂಟದ ದಿನ ಬಾಡೂಟವೇ;
ಮಾರನೆ ದಿನ ಉಪವಾಸದ ದಂಡ ಕಟ್ಟುವುದಿಲ್ಲ,
ಮಾಮೂಲಿ ಊಟ, ಮಾಮೂಲಿ ಮಾತ್ರೆ,
ಸಂಜೆ ನಾಲೆಯ ಏರಿ ಮೇಲೆ ನಡೆದದ್ದು ನಡೆದಷ್ಟು.

ಮೊನ್ನೆ ಮತ್ತೆ ಮಹದೇವಿಯ ಮನೆಗೆ ಹೋಗಿದ್ದೆ.
ಮಗುವಿಗೆ ಎರಡು ಹಲ್ಲು ಬಂದಿದ್ದವು.
ಪಾಯಸದ ಸೌಟು ಹಿಡಿದು ನನ್ನ ಎಲೆಯ ಹತ್ತಿರ ನಿಂತಳು,
ಹಾಕಲೋ ಬೇಡವೋ ಅಂತ ಕೈ ತೂಗುತ್ತಿತ್ತು.
ಕಾದೆ.
"ಎರಡು ಚಮಚ" ಅಂದೆ.
ಮೂರು ಹಾಕಿದಳು.