ಹತ್ತಿದವರು, ಇಳಿದವರು

ಮೂರು ಲಾರಿಗಳಲ್ಲಿ ಬಂತು ವಿಮಾನ,
ಒಂದರಲ್ಲಿ ಹೊಟ್ಟೆ, ಒಂದರಲ್ಲಿ ರೆಕ್ಕೆ,
ಇನ್ನೊಂದರಲ್ಲಿ ಬಾಲ, ಜೊತೆಗೆ ಒಂದು ಮೂಟೆ ಬೋಲ್ಟು.
ತೇಜೋ ನದಿಯ ಸೇತುವೆ ದಾಟಿ
ಇಗರ್ಜಿಯ ತಿರುವಿನಲ್ಲಿ ಸಿಕ್ಕಿಕೊಂಡಾಗ
ಬೇಕರಿಯ ಅಲ್ಬಾನೊ ತನ್ನ ಬೋರ್ಡನ್ನು ತಾನೇ ಬಿಚ್ಚಿದ,
"ಅಪ್ಪನ ಕಾಲದ್ದು, ಹುಷಾರು" ಅನ್ನುತ್ತ.
ಯಾವುದಕ್ಕೆ ಹೇಳಿದನೋ, ಬೋರ್ಡಿಗೋ ವಿಮಾನಕ್ಕೋ.

ನಾನು ಬೆಸುಗೆಯವನು.
ಪುರಸಭೆ ನನಗೊಪ್ಪಿಸಿದ್ದು ಮೆಟ್ಟಿಲು.
ಈ ಯಂತ್ರಕ್ಕೆ ಮೆಟ್ಟಿಲೇ ಇರಲಿಲ್ಲ ನೋಡಿ:
ಹತ್ತುವುದಕ್ಕೊಂದು ಕಬ್ಬಿಣದ ಏಣಿ,
ಇಳಿಯುವುದಕ್ಕೆ ಆಕಾಶ.

ಅಗಲ ಇಷ್ಟು, ಎತ್ತರ ಇಷ್ಟು, ಕೈಯಾಸರೆ ಎರಡೂ ಬದಿ,
ಬೆಂಕಿ ಬಿದ್ದರೆ ಓಡಲು ಮತ್ತೊಂದು ಬಾಗಿಲು,
ಎಂಜಿನಿಯರ್ ಗ್ರಾಸಿಂದಾ ನಕ್ಷೆ ಬಿಡಿಸಿ ಕೊಟ್ಟಳು.
"ನಾವಿದ್ದಾಗ ಬೆಂಕಿಗೆ ಬಾಗಿಲಿರಲಿಲ್ಲ"
ಅಂದರು ಸಾರ್ಜೆಂಟ್ ಒನೋರಿಯೊ.

ಎಂಬತ್ತೆರಡು ಅವರಿಗೆ. ಇದೇ ವಿಮಾನದಲ್ಲಿ
ಅವರ ಕೆಲಸ ಎಣಿಸುವುದಾಗಿತ್ತಂತೆ:
ಆಫ್ರಿಕಾದ ಕೆಂಪು ಧೂಳಿನಲ್ಲಿ ನಿಂತು
ಬೆಳಿಗ್ಗೆ ಹತ್ತಿದವರನ್ನು, ಸಂಜೆ ಮರಳಿದವರನ್ನು
ಎಣಿಸಿ ಪೆನ್ಸಿಲಿನಲ್ಲಿ ಬರೆಯುವುದು.
ಪೆನ್ಸಿಲ್ ಯಾಕೆ, ಕೇಳಿದೆ.
"ತಿದ್ದಬಹುದೇನೋ ಅನ್ನೋ ಆಸೆ" ಅಂದವರೇ
ಹದಿಮೂರರ ಸ್ಪ್ಯಾನರ್ ಕೊಡು ಅಂದರು.

ಕೆಳಗಿದ್ದದ್ದು ಯಾರ ಊರೆಂದು
ಫಲಕದಲ್ಲಿ ಬರೆಯುವುದೋ ಬೇಡವೋ,
ಸಮಿತಿ ನಾಲ್ಕು ಸಲ ಸೇರಿತು, ನಾಲ್ಕು ಸಲ ಕಾಫಿ ಕುಡಿಯಿತು.
ಕೊನೆಗೆ ಶಾಲೆಯ ಇಲಿದಿಯೊ ಮೇಷ್ಟ್ರು
(ಅವರ ತಾಯಿ ಬಿಸಾವ್ ಕಡೆಯವರು)
ತಾವೇ ಬರೆದು ತಂದರು. ಎರಡೇ ಸಾಲು.
ಯಾರೂ ತಿದ್ದಲಿಲ್ಲ.

ಕ್ಯಾನ್ವಾಸಿನ ಬೆಂಚು ಕಳಚಿದಾಗ ಅಡಿಯಲ್ಲಿ
ಮೊಳೆಯಿಂದ ಕೊರೆದ ಹೆಸರು: ದಿಯೊಲಿಂದಾ.
ನಮ್ಮೂರಲ್ಲಿ ದಿಯೊಲಿಂದಾ ಒಂಬತ್ತು ಮಂದಿ.
ಒಂಬತ್ತೂ ಜನ ಬಂದರು, ಒಬ್ಬೊಬ್ಬರೇ,
ಒಬ್ಬಳು ಸೊಪ್ಪಿನ ಚೀಲದೊಂದಿಗೆ,
ಒಬ್ಬಳು ಗಂಡನಿಗೆ ಮಾತ್ರೆ ಕೊಟ್ಟು ಮಲಗಿಸಿ,
ಬಗ್ಗಿ ನೋಡಿದರು, ಅಕ್ಷರದ ಮೇಲೆ ಬೆರಳಾಡಿಸಿದರು,
"ನಾನಲ್ಲಪ್ಪ" ಅಂದರು,
ತುಸು ತಡೆದು.
ಆ ತಡೆಯನ್ನು ನಾನು
ಸುತ್ತಿಗೆ ಕೆಳಗಿಟ್ಟು ಒಂಬತ್ತು ಸಲ ಕೇಳಿದ್ದೇನೆ.
ಬಣ್ಣದವನಿಗೆ ಹೇಳಿದೆವು, ಗೇಣಗಲ ಜಾಗ ಬಿಟ್ಟು ಬಳಿ.

ಈಗ ಟಿಕೆಟ್ಟು ಒಂದು ಯೂರೊ, ಮಕ್ಕಳಿಗಿಲ್ಲ.
ಬಾಗಿಲಲ್ಲಿ ಮುರುಕು ಕುರ್ಚಿ, ಅದರಲ್ಲಿ ಸಾರ್ಜೆಂಟರು,
ಕೈಯಲ್ಲಿ ಪುರಸಭೆ ಕೊಟ್ಟ ಎಣಿಸುವ ಡಬ್ಬಿ:
ಒಳಗೆ ಹೋದರೆ ಟಿಕ್, ಹೊರಗೆ ಬಂದರೆ ಟಿಕ್.
ಬೀಗ ಹಾಕುವ ಮುನ್ನ
ಎರಡೂ ಲೆಕ್ಕ ಕೂಡಿಬರಬೇಕು, ಅದು ಗ್ರಾಸಿಂದಾಳ ನಿಯಮ.

ಹೋದ ಗುರುವಾರ ಒಂದು ಕಮ್ಮಿ ಬಿತ್ತು.
ನೂರ ನಲವತ್ತು, ನೂರ ಮೂವತ್ತೊಂಬತ್ತು.
ಮುದುಕರ ಮುಖ ನೋಡಬೇಕಿತ್ತು ನೀವು,
ತುಟಿ ಹೊಂಗೆಯ ಒಣ ಸಿಪ್ಪೆ.
ಟಾರ್ಚು ಹಿಡಿದು ಇಬ್ಬರೂ ಒಳಗೆ ಹೋದೆವು.
ಅಲ್ಬಾನೊನ ಮೊಮ್ಮಗ, ಆರು ವರ್ಷದ ಪೋರ,
ಆ ಬೆಂಚಿನ ಮೇಲೆ, ಬೂಟು ಕಳಚಿ ಜೋಡಿಸಿಟ್ಟು,
ಬಾಯಿ ತೆರೆದು ನಿದ್ದೆ.

ಎಬ್ಬಿಸಹೋದೆ. ಕೈ ಹಿಡಿದರು.
"ಇರಲಿ. ಇದರೊಳಗೆ ಬೂಟು ಬಿಚ್ಚಿ ಮಲಗಿದವನನ್ನು
ನಾನು ನೋಡಿಯೇ ಇಲ್ಲ."
ಎದುರು ಬೆಂಚಿನಲ್ಲಿ ಕೂತರು, ಡಬ್ಬಿ ತೊಡೆಯ ಮೇಲಿಟ್ಟು.

ನಾನು ಬೇಕರಿಗೆ ಸುದ್ದಿ ಮುಟ್ಟಿಸಲು ಇಳಿದೆ.
ಏಳನೆಯ ಮೆಟ್ಟಿಲು ಇನ್ನೂ ಕಿರುಗುಟ್ಟುತ್ತದೆ,
ಬೆಸುಗೆ ಸರಿಯಾಗಿಲ್ಲ.
ನಾಳೆ ನೋಡಬೇಕು.