ಮೆಟ್ಟು

ಮರದ ಮನೆಗೆ ಮುಪ್ಪು ಹತ್ತುವುದು ಕಾಲಿನಿಂದ.
ತಲೆ ಗಟ್ಟಿಯಿರುತ್ತದೆ, ಎದೆಯೂ ಇರುತ್ತದೆ;
ನೆಲಕ್ಕೆ ತಾಗಿದ ಕಟ್ಟಕಡೆಯ ತೊಲೆ
ನೂರು ಚಳಿಗಾಲದ ಹಿಮ ಕುಡಿದು ಕುಡಿದು
ಒಂದು ದಿನ, ಬೆರಳಿಟ್ಟರೆ, ನೆನೆದ ರೊಟ್ಟಿ.
ಅದನ್ನು ಕಿತ್ತು ಹೊಸದು ಕೂರಿಸುವುದಕ್ಕೆ
ನಮ್ಮ ಫಿನ್‌ಲೆಂಡಿನ ಬಡಗಿಗಳಾಡುವ ಮಾತು:
ಮನೆಗೆ ಮೆಟ್ಟು ತೊಡಿಸುವುದು.

ನಾನು ಬಡಗಿಯಲ್ಲ, ಖಜಾಂಚಿ.
ಕಿವಿಸಾಲ್ಮಿಯ ದುಡಿವವರ ಸಭಾಮನೆಯ
ಲೆಕ್ಕದ ಪುಸ್ತಕ, ಮೊದಲ ಪುಟದಿಂದ, ನನ್ನ ಕಪಾಟಿನಲ್ಲಿದೆ.
ಸಾವಿರದ ಒಂಬೈನೂರ ಏಳು, ಮೇ:
ಮೊಳೆ, ಎರಡು ಪೆಟ್ಟಿಗೆ. ಕಾಫಿಬೀಜ, ಮೂರು ಕಿಲೋ.
ಬೆರಳು ಕಳಕೊಂಡ ಹುಡುಗನಿಗೆ ಬಟ್ಟೆ, ಸಾರಾಯಿ,
ಎರಡು ಮಾರ್ಕು.
ಹಗಲೆಲ್ಲ ಸಾಮಿಲ್ಲಿನ ಗರಗಸದ ಮುಂದೆ ನಿಂತವರು
ರಾತ್ರಿಯ ಬೆಳಕಲ್ಲಿ
(ನಮ್ಮ ಬೇಸಗೆಯಲ್ಲಿ ರಾತ್ರಿಯೆಂಬುದು ಬರೀ ಹೆಸರು)
ತಮಗೆ ತಾವೇ ಕಟ್ಟಿಕೊಂಡದ್ದು.
ಕೂಲಿ ಎಂಬಲ್ಲಿ, ಪುಟದುದ್ದಕ್ಕೂ, ಒಂದೇ ಗೀಟು.

ಆಮೇಲೆ ಅಲ್ಲಿ ನಾಟಕ, ಕುಸ್ತಿ, ಶನಿವಾರದ ಟ್ಯಾಂಗೋ.
ಆಮೇಲೆ ಟಯರಿನ ಗೋದಾಮು. ಆಮೇಲೆ ಬೀಗ.
ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುತ್ತೇವೆ
ಎಂದು ಪುರಸಭೆ ಹೇಳಿದ ದಿನ
ಅಲ್ಲಿ ಮೊದಲ ಮುತ್ತು ಕೊಟ್ಟವರು, ಕೊಡದೆ ಉಳಿದವರು
ಊರುಗೋಲು ಸಮೇತ ಎದ್ದು ಬಂದರು.
ಗೆದ್ದದ್ದು ಒಂದು ಮತದಲ್ಲಿ.
ಅದು ಯಾರದೆಂದು ಊರಿಗೇ ಗೊತ್ತು:
ಕೆಡವಿ, ಕೆಡವಿ ಎಂದು ಎರಡು ವರ್ಷ ಅರ್ಜಿ ಬರೆದ ಓಸ್ಮೋ.
ಕೇಳಿದರೆ, ಭುಜ ನೋಯುತ್ತಿತ್ತು,
ಕೈ ತಾನಾಗಿ ಮೇಲೆದ್ದಿತು, ಅನ್ನುತ್ತಾನೆ.

ಜೂನ್. ಹದಿನಾರು ಜಾಕಿ, ಹದಿನಾರು ಜನ.
ಎಪ್ಪತ್ತೊಂದರ ಬಡಗಿ ಟೌನೋ
ಶಿಳ್ಳೆ ಹಾಕಿದಾಗೊಮ್ಮೆ ಕಾಲು ಸುತ್ತು, ಕಾಲೇ ಸುತ್ತು.
ಮನೆ ನರಳಿತು; ಸೂರಿನಿಂದ ಉದುರಿದ್ದು
ಮರದ ಹೊಟ್ಟು, ಹಕ್ಕಿಗೂಡು, ಒಂದು ಕೂದಲ ಪಿನ್ನು.
ಸಂಜೆಗೆ ಗೇಣೆತ್ತರ.
ಮೂರು ದಿನ ನಮ್ಮ ಸಭಾಮನೆಗೆ ನೆಲದ ಹಂಗಿರಲಿಲ್ಲ.
ಮಂಡಿಯೂರಿ ಬಗ್ಗಿದರೆ ಅದರಡಿಯಿಂದ
ಆಚೆಯ ಸರೋವರ ಒಂದು ಗೆರೆಯಷ್ಟು ಹೊಳೆಯುತ್ತಿತ್ತು.
ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ
ಮು ಪಾ, ಬರ್ಮಾ ಗಡಿಯ ಶಿಬಿರದಲ್ಲಿ ಹುಟ್ಟಿದವಳು,
ನಕ್ಕಳು: ಇದರಲ್ಲೇನು ಸೋಜಿಗ?
ಮನೆಯೆಂದರೆ ಹೀಗೇ ಅಲ್ಲವೇ,
ಕೆಳಗೆ ಕೋಳಿ ಓಡಾಡಬೇಕು.

ತಾಂಪೆರೆಯಿಂದ ಬಂದ ಅಧಿಕಾರಿಣಿ
ಚಿಕ್ಕ ಚಾಕುವಿನಿಂದ ಗೋಡೆಯ ಬಣ್ಣ ಕೆರೆದಳು, ಏಳು ಪದರ.
ಯಾವ ವರ್ಷಕ್ಕೆ ಮರಳೋಣ? ಅಂದಳು.
ಹಸಿರಿಗೆ ಅಂದವರು, ಬೂದಿಗೆ ಅಂದವರು, ಜಗಳ.
ವೇದಿಕೆಯ ಎಡಕ್ಕೆ, ಎದೆಮಟ್ಟದಲ್ಲಿ, ಒಂದು ತೂತು.
ಹದಿನೆಂಟರ ಇಸವಿಯದು.
ಇದಕ್ಕೆ ಪುಟ್ಟಿ ತುಂಬಲೇ?
ಜಗಳ ನಿಂತಿತು.
ಈ ಊರಲ್ಲಿ ಗುಂಡು ಹೊಡೆದವನಿಗೂ ಮೊಮ್ಮಗನಿದ್ದಾನೆ,
ಗೋಡೆಗೆ ಬೆನ್ನು ಕೊಟ್ಟವನಿಗೂ ಇದ್ದಾನೆ;
ಅವತ್ತು ಬೆಳಗಿನಿಂದ ಒಂದೇ ಮೂಲೆಯಲ್ಲಿ
ಒಂದೇ ಜಾಕಿಯ ಎರಡು ಬದಿಗಿದ್ದರು.
ಟೌನೋ ತೂತಿಗೆ ಕಿರುಬೆರಳಿಟ್ಟು
ಆಳ ನೋಡಿದ, ಬಡಗಿ ನೋಡುವಂತೆ.
ಬಣ್ಣ ಬಳಿಯಿರಿ, ಅಂದ. ಪುಟ್ಟಿ ಬೇಡ.
ಓಸ್ಮೋ ಟೋಪಿ ತೆಗೆದ,
ತಲೆ ತುರಿಸಿಕೊಳ್ಳಲಿಕ್ಕೆ.

ಈಗ ಮಂಗಳವಾರ ಮು ಪಾಳ ಮಗ್ಗ,
ಗುರುವಾರ ಹಲ್ಲಿನ ಡಾಕ್ಟರು,
ಶನಿವಾರ ಮತ್ತೆ ಟ್ಯಾಂಗೋ, ಸೊಂಟ ಒಪ್ಪಿದಷ್ಟು.
ಲೆಕ್ಕ ಬರೆದಿದ್ದೇನೆ: ಕಾಫಿಬೀಜ, ಹತ್ತೊಂಬತ್ತು ಕಿಲೋ.
ಕೂಲಿ ಎಂಬಲ್ಲಿ ಸ್ಕೇಲು ಹುಡುಕಿ
ನಾನೂ ಒಂದು ಗೀಟೆಳೆದೆ; ಸ್ವಲ್ಪ ಸೊಟ್ಟಗಾಯಿತು.

ಮುಂಬಾಗಿಲು ಮಾತ್ರ ಇನ್ನೂ ಮುಚ್ಚಲೊಲ್ಲದು.
ಬಂದವರೆಲ್ಲ ಭುಜ ಕೊಟ್ಟು ತಳ್ಳಿ, ಬೈದು,
ಟೌನೋನನ್ನು ಕರೆಸಿದೆವು.
ಅವನು ಚೌಕಟ್ಟು ಸವರಿ, ಉಳಿಯನ್ನು ಚೀಲದಿಂದ ತೆಗೆಯದೆ,
ಹೊಸ ಮೆಟ್ಟು, ಕಚ್ಚುತ್ತದೆ, ಅಂದ.
ನಾಲ್ಕು ದಿನ ನಡೆದಾಡಲಿ.