ಒಪ್ಪಿದ್ದೇನೆ

ದುರ್ಗಿಗುಡಿ, ಟೈಲರ್ ಖಲಂದರ್ ಸಾಬರ ಅಂಗಡಿಯ ಮೇಲೆ
ಹತ್ತು ಅಡಿಗೆ ಎಂಟು ಅಡಿ ನನ್ನ ಡಿಟಿಪಿ.
ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಗೃಹಪ್ರವೇಶ,
ಎಷ್ಟು ನಾಮಕರಣ,
ಎಷ್ಟು ಜನರ ಫೋಟೋ ಸುತ್ತ ಕಪ್ಪು ಅಂಚು
ಎಳೆದೆನೋ ಲೆಕ್ಕವಿಲ್ಲ.
ಎಲ್ಲವೂ ಕದ್ದ ತಂತ್ರಾಂಶದಲ್ಲಿ.

ಮೂವತ್ತು ರೂಪಾಯಿಯ ಸೀಡಿ. ಬೀಗ ತೆಗೆಯುವ ಸಂಖ್ಯೆ
ಅದರ ಮೈಮೇಲೇ, ಸ್ಕೆಚ್ ಪೆನ್ನಿನಲ್ಲಿ.
ಇಪ್ಪತ್ನಾಲ್ಕು ಅಂಕಿ, ಈಗಲೂ ಬಾಯಿಪಾಠ,
ಹದಿನೇಳರ ಮಗ್ಗಿಗಿಂತ ಗಟ್ಟಿ.
ನೆಹರೂ ರಸ್ತೆಯಲ್ಲಿ ರೇಡಂತೆ ಎಂದು ಸುದ್ದಿ ಹಬ್ಬಿದ ದಿನ
ಕಂಪ್ಯೂಟರು ಹೊತ್ತುಕೊಂಡು ಇಳಿದು
ಸಾಬರ ಚೂರುಬಟ್ಟೆಯ ಗುಡ್ಡೆಯಡಿ ಹೂತೆ.
ಯಾರೂ ಬರಲಿಲ್ಲ.
ಆಮೇಲೆ ಒಂದು ತಿಂಗಳು ಅದರ ಫ್ಯಾನು
ರವಿಕೆಯ ನೂಲು ನುಂಗಿ ಕೆಮ್ಮುತ್ತಿತ್ತು.

ಮೊನ್ನೆ ಬಂದವಳು ಲವೀನಾ ಫುರ್ಟಾಡೊ,
ಶಂಕರಘಟ್ಟದಲ್ಲಿ ಓದುವವಳು.
ಕಪ್ಪೆ ಕೂಗಿನ ಗಣಿತ, ಹೈಸ್ಕೂಲು ಮಕ್ಕಳಿಗೆಂದು
ಕನ್ನಡದಲ್ಲೇ ಬರೆದದ್ದು, ಅರವತ್ತು ಪುಟ.
ನಾನು ಕೊಟ್ಟ ಕರಡು ನೋಡಿ ಅಂದಳು:
'ಸಾರ್, ವರ್ಗಮೂಲದ ಛತ್ರಿ ಮುರಿದಿದೆ.
ಎಕ್ಸ್ ಪೂರಾ ನೆನೀತಿದೆ.'

ಮೂರು ಸಲ ಅಂಟಿಸಿದ್ದೆ. ಮೂರು ಸಲವೂ
ಪ್ರಿಂಟರಿನ ಬಾಯಿಗೆ ಹೋಗುವಾಗ ಹಾರಿತ್ತು.

'ಇದಕ್ಕೇ ಅಂತ ಒಂದಿದೆ. ದುಡ್ಡಿಲ್ಲ.'
'ಕ್ರ್ಯಾಕ್ ಎಲ್ಲಿ ಸಿಗುತ್ತಮ್ಮ?'
ನಕ್ಕಳು. 'ಒಡೆಯೋಕೆ ಬೀಗವೇ ಇಲ್ಲ.'

ಅವಳ ಮೊಬೈಲು ಕಿಟಕಿಯ ಸರಳಿಗೆ ಒರಗಿ ನಿಂತಿತು, ಸಿಗ್ನಲ್ಲಿಗೆ.
ನಾಲ್ಕು ಜೀಬಿ.
ಪರದೆಯ ಮೇಲೆ ಹೆಸರು ಹೆಸರು ಹೆಸರು,
ಚದುರಂಗದ ಕಾಯಿ ಬಿಡಿಸಲು ಒಂದು, ಪದಬಂಧಕ್ಕೊಂದು,
ವೀಣೆಯೋ ಪಿಟೀಲೋ ಯಾವುದೋ ಸ್ವರಲಿಪಿಗೆ ಇನ್ನೊಂದು.
ಯಾವ ಊರಿನ ಯಾವ ಪುಣ್ಯಾತ್ಮ
ಊಟ ಬಿಟ್ಟು ಕೂತು ಬರೆದನೋ ಪದಬಂಧಕ್ಕೆ!
ಅರವತ್ತೆಂಟು ಪರ್ಸೆಂಟಿಗೆ ಕರೆಂಟು ಹೋಯಿತು.
ಯುಪಿಎಸ್ಸು ಚೀರಿತು, ಕೆಳಗೆ ಸಾಬರೂ ಚೀರಿದರು,
ಇಸ್ತ್ರಿ ಅರ್ಧಕ್ಕೇ ನಿಂತಿತ್ತು.
ಚಹಾ ತರಿಸಿದೆ. ಎರಡು ಸಲ.

ಕರೆಂಟು ಬಂದು, ಮತ್ತೆ ಮೊದಲಿಂದ ಹಿಡಿದು,
ಸಂಜೆಗೆ ಎದ್ದು ನಿಂತಿತು ಉದ್ದ ಕಾಗದ: ಷರತ್ತುಗಳು.
ನನ್ನ ಬೆರಳು ಅಭ್ಯಾಸದಂತೆ 'ಒಪ್ಪಿದ್ದೇನೆ'ಯ ಮೇಲೆ.
ಸಾವಿರ ಸಲ ಒಪ್ಪಿದವನು, ಒಮ್ಮೆಯೂ ಓದಿದವನಲ್ಲ.
'ಓದಿ ಸಾರ್,' ಎಂದು ತಾನೇ ಓದಿ ಹೇಳಿದಳು:
ಯಾರಿಗಾದರೂ ಕೊಡಬಹುದು. ಬಿಚ್ಚಿ ನೋಡಬಹುದು.
ಬದಲಿಸಲೂಬಹುದು, ಬದಲಿಸಿದರೆ ಮಾತ್ರ
ಬೇರೆ ಹೆಸರಿಡಬೇಕು.
ಅಷ್ಟೇನಾ?
ಅಷ್ಟೇ.

ಒತ್ತಿದೆ. ಆ ಇಪ್ಪತ್ನಾಲ್ಕು ಅಂಕಿ
ಬೆರಳ ತುದಿಯಲ್ಲಿ ಸಾಲಾಗಿ ನಿಂತಿದ್ದವು,
ಕರೆದಾರೆಂದು.
ಕರೆಯಲಿಲ್ಲ.

ಕಲಿಯುವುದು ಸುಲಭವಲ್ಲ, ಸುಳ್ಳು ಯಾಕೆ ಹೇಳಲಿ.
ಎಳೆದಲ್ಲಿ ಬರುವುದಿಲ್ಲ, ತಳ್ಳಿದಲ್ಲಿ ಹೋಗುವುದಿಲ್ಲ.
ಮೊದಲು ಬರೆದು ಹೇಳಬೇಕು, ಆಮೇಲೆ ಪುಟ ನೋಡಬೇಕು;
ಸಾಬರ ಅಳತೆ ಪುಸ್ತಕದ ಹಾಗೆ, ಇವತ್ತು ಬರೀ ಅಂಕಿ,
ಶನಿವಾರ ರವಿಕೆ.
ಹದಿನಾಲ್ಕನೇ ಸಾಲಿನಲ್ಲಿ ಒಂದು ಆವರಣ ಮುಚ್ಚಲು ಮರೆತೆ,
ಇಡೀ ಪುಸ್ತಕ ಮುನಿಸಿಕೊಂಡು ಕೂತಿತು.
ಸರಿಮಾಡಿದರೆ, ಶಿವಮೊಗ್ಗದ ಗ ಒತ್ತು
ಗೇಣು ದೂರ ಬಿದ್ದಿದೆ, ಬಸ್ಸು ತಪ್ಪಿದವನ ಹಾಗೆ.
ಲವೀನಾ ಒಂದೇ ಪದ ಸೇರಿಸಿದಳು,
ಇದು ಕನ್ನಡ ಅಂತ ಅದಕ್ಕೆ ಹೇಳಬೇಕಂತೆ.
ಹೇಳಿದ ಮೇಲೆ ತಿಳಿಯಿತು ಅದಕ್ಕೆ. ಒತ್ತು ಬಂದು
ತನ್ನ ಜಾಗದಲ್ಲಿ ಕೂತಿತು.
ವರ್ಗಮೂಲದ ಛತ್ರಿ ಬಿಚ್ಚಿತು, ಅಡಿಯಲ್ಲಿ ಎಕ್ಸು, ವೈಯು,
ಒಂದು ಮಲೆಗಪ್ಪೆಯ ನಿಮಿಷಕ್ಕೆಷ್ಟು ಕೂಗು.

ಎಷ್ಟಾಯಿತು ಸಾರ್ ಅಂದಾಗ
ಪುಟಕ್ಕೆ ನಲವತ್ತು ಎಂದುಬಿಟ್ಟೆ, ಬಾಯಿಯ ಚಾಳಿ.
ಕಲಿಸಿದವಳಿಂದಲೇ ಕಾಸು ಕೇಳಿದ್ದು ಹೊಳೆದದ್ದು
ಅವಳು ಮೆಟ್ಟಿಲಿಳಿದ ಮೇಲೆ.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಒಬ್ಬ ಹುಡುಗ,
ಒದ್ದೆ ಕಣ್ಣು, ಕೈಯಲ್ಲಿ ಪಾಸ್‌ಪೋರ್ಟ್ ಫೋಟೋ.
ಹಳೆಯದರಲ್ಲಾದರೆ ಐದು ನಿಮಿಷದ ಕೆಲಸ.
ಕೂತ್ಕೋ ಅಂದೆ.
ಒಂದೂವರೆ ಗಂಟೆ ಕಾಯಿಸಿದೆ ಪಾಪ.
ನನ್ನ ಅಂಗಡಿಯಲ್ಲಿ ಕದಿಯದ ಅಕ್ಷರಗಳಲ್ಲಿ
ತೀರಿಕೊಂಡ ಮೊದಲಿಗರು
ಹೊಳೆಹೊನ್ನೂರಿನ ತಿಪ್ಪೇರುದ್ರಯ್ಯ,
ನಿವೃತ್ತ ಪೋಸ್ಟ್‌ಮ್ಯಾನ್, ಎಪ್ಪತ್ತೊಂಬತ್ತು.
ಕಪ್ಪು ಅಂಚು ಸ್ವಲ್ಪ ದಪ್ಪವಾಯಿತು.